ಗೋಪಣ್ಣನ ತೋಳು

ಹೊಟ್ಟೆಕಿಚ್ಚಿಗೆ ಔಷಧವಿಲ್ಲ ಅನ್ನುತ್ತಾರೆ. ನನ್ನದಕ್ಕಂತೂ ಇರಲಿಲ್ಲ. ಆದೆಮ್ಮ ನನ್ನ ಸೋದರಮಾವನ ಮಗಳು. ಅವಳು ತೊಟ್ಟಿಲಲ್ಲಿದ್ದಾಗಲೇ "ಇಕಿ ನಮ್ಮ ನರಸಣ್ಣನ ಹೆಂಡ್ತಿ" ಎಂದು ಮನೆಯವರೆಲ್ಲ ನನ್ನನ್ನು ತೋರಿಸಿ ಮಾತಾಡಿಕೊಂಡಿದ್ದರು. ದೊಡ್ಡವಳಾದ ಮೇಲೆ ಮಾವ ಮಾತು ಮರೆತು ಗೊರೇಬಾಳದ ಗೋಪಣ್ಣನಿಗೆ ಕೊಟ್ಟ. ಗೋಪಣ್ಣನಿಗೆ ಏನಿತ್ತು? ಎತ್ತರ ಇತ್ತು, ನಗು ಇತ್ತು. ನನಗೆ ಮಸ್ಕಿ ಬಜಾರದಲ್ಲಿ ಹೊಲಿಗೆ ಮಷೀನು ಇತ್ತು. ಆ ಮದುವೆಯ ಕುಪ್ಪಸಗಳನ್ನೂ ನಾನೇ ಹೊಲಿದುಕೊಟ್ಟೆ, ಹಲ್ಲು ಕಚ್ಚಿಕೊಂಡು.

ಆ ವರ್ಷ ಹೈದರಾಬಾದಿನಿಂದ ಒಬ್ಬ ಡಾಕ್ಟರು ಬಂದು ಊರ ಹೊರಗೆ ಡೇರೆ ಹಾಕಿದರು. ಕಳ್ಳರು ಹುಟ್ಟುತ್ತಲೇ ಕಳ್ಳರು, ಅದು ರಕ್ತದಲ್ಲೇ ಇರುತ್ತದೆ, ಮೈ ಅಳೆದರೆ ಗೊತ್ತಾಗುತ್ತದೆ ಎಂಬುದು ಅವರ ವಿದ್ಯೆ. ಅದಕ್ಕೊಂದು ದಪ್ಪನೆಯ ವಿಲಾಯತಿ ಪುಸ್ತಕವೂ ಇತ್ತು. ಪೊಲೀಸ್ ಅಮೀನರಿಗೆ ಇದು ಬಹಳ ಹಿಡಿಸಿತು. ಕಳ್ಳನನ್ನು ಹುಡುಕುವ ತ್ರಾಸೇ ತಪ್ಪಿತಲ್ಲ. ಅಳೆಯುವವನು ಬೇಕೆಂದು ದರ್ಜಿಯಾದ ನನ್ನನ್ನು ಕರೆಸಿದರು. ನಾನು ಅಳತೆ ಕೂಗುವುದು, ಡಾಕ್ಟರು ಬರೆಯುವುದು. ದರ್ಜಿ ಕೂಗಿದ ಅಳತೆಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಡಾಕ್ಟರೂ ನೋಡುತ್ತಿರಲಿಲ್ಲ.

ಸಿಂಧನೂರಿನ ಸಾಹುಕಾರರೊಬ್ಬರ ಹತ್ತಿ ಜಿನ್ನಿಗೆ ಗೋಪಣ್ಣ ಕಾವಲುಗಾರನಾಗುವವನಿದ್ದ. ಕಳ್ಳನಲ್ಲವೆಂದು ಡಾಕ್ಟರ ಚೀಟಿ ತಂದರೆ ನೌಕರಿ ಎಂದು ಸಾಹುಕಾರರು ಕಳಿಸಿದ್ದರು. ನನ್ನೆದುರು ನಿಂತು "ಚಲೋ ಅದೀರೇನ್ರಿ" ಎಂದು ನಕ್ಕ. ಆ ನಗು ನೋಡಿ ಮೈಯೆಲ್ಲ ಉರಿದುಹೋಯಿತು. ಭುಜದಿಂದ ಬೆರಳ ತುದಿಗೆ ಟೇಪು ಹಿಡಿದೆ. ಮೂವತ್ತು ಇಂಚು. ತೋಳು ಅತಿ ಉದ್ದವಿದ್ದವನು ಮಂಗನಿಗೆ ಹತ್ತಿರ, ಹುಟ್ಟುಗಳ್ಳ ಎಂದು ಡಾಕ್ಟರು ಹೇಳಿದ್ದರು. ಹೆಬ್ಬೆರಳ ಕೆಳಗೆ ಐದಿಂಚು ಟೇಪನ್ನು ಮಡಚಿ "ಮೂವತ್ತೈದು" ಎಂದು ಕೂಗಿದೆ.

ನೌಕರಿ ಕೈತಪ್ಪಿತು. ಅದರ ಮೇಲೆ ಅಮೀನರು ಅವನ ಹೆಸರು ಬರೆದುಕೊಂಡು, ದಿನಾ ಬೆಳಿಗ್ಗೆ ಚೌಕಿಗೆ ಬಂದು ಹಾಜರಿ ಕೊಡಬೇಕೆಂದರು. ಊರಲ್ಲಿ ಕೋಳಿ ಕಾಣೆಯಾದರೂ ಮೊದಲು ಅವನ ಮನೆಯನ್ನೇ ಝಡತಿ ಮಾಡಿ ಜಾಲಾಡುತ್ತಿದ್ದರು. ಸುದ್ದಿ ಕೇಳಿದಾಗಲೆಲ್ಲ ನನಗೆ ಊಟ ರುಚಿಸುತ್ತಿತ್ತು. ನಮ್ಮಲ್ಲಿ ಗಂಡನನ್ನು ಬಿಟ್ಟವಳು ಇನ್ನೊಬ್ಬ ತಂದ ಸೀರೆಯುಟ್ಟು, ಸೀರುಡಿಕೆಯಾಗಿ ಅವನ ಮನೆ ಸೇರುವ ಪದ್ಧತಿ ಉಂಟು. ಒಂದು ಹಸಿರು ಸೀರೆ ತಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ.

ನಾಲ್ಕು ತಿಂಗಳಿಗೆ ಆದೆಮ್ಮ ಅಂಗಡಿಗೆ ಬಂದಳು. ಬಸುರಿ. ನನಗದು ಗೊತ್ತಿರಲಿಲ್ಲ.

"ಮಾವ, ಕಳ್ಳತನ ರಕ್ತದಾಗ ಬರ್ತದಂತಾರಲ್ಲ, ಖರೇ ಏನು?" ಎಂದಳು.

ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳ ಹೊಟ್ಟೆ ನನ್ನ ಕಣ್ಣೆದುರಿಗಿತ್ತು.

"ಖರೇ ಅದ. ಪುಸ್ತಕದಾಗ ಬರದಾರ. ಕೂಸಿಗೂ ಬರ್ತದ. ನೀ ಅವನ್ನ ಬಿಟ್ಟು ತವರಿಗೆ ಬಂದುಬಿಡು, ಮುಂದಿಂದು ನಾ ನೋಡ್ತೀನಿ."

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ನೀ ಟೇಪು ಮಡಚಿದ್ದು ನಮ್ಮನಿಯವರು ಅವತ್ತ ನೋಡ್ಯಾರ. ಅಮೀನರ ಮುಂದ ಹೇಳ್ರಿ ಅಂತ ನಾ ಅಂದ್ರ ಅವರು ಕೇಳಲಿಲ್ಲ. 'ನಿಮ್ಮತ್ತಿ ಮಗ ಅವ, ಹೊಟ್ಟಿ ಉರಿ ಆರಿದ್ರ ತಾನ ಹೋಗಿ ಹೇಳ್ತಾನ' ಅಂದ್ರು. ದಿನಾ ಹಾಜರಿಗೆ ಹೋಗ್ತಾರ, ನಿನ್ನ ದಾರಿ ನೋಡಾಕತ್ತಾರ."

ಆಗಲೂ ನನಗೆ ನಾಚಿಕೆಯಾಗಲಿಲ್ಲ. ತಾಳಿಕೊಳ್ಳುವುದರಲ್ಲೂ ಅವನೇ ಮೇಲಾದನಲ್ಲ ಎಂದು ಇನ್ನಷ್ಟು ಉರಿಯಿತು.

"ಎಲ್ಲಾ ಗೊತ್ತಿದ್ದು ರಕ್ತದ ಮಾತು ಯಾಕ ಕೇಳಿದಿ?" ಎಂದೆ.

ಆದೆಮ್ಮ ಸೆರಗು ಹೊದ್ದು ಮೆಟ್ಟಿಲಿಳಿದಳು.

"ಕೂಸಿಗೆ ಅಪ್ಪನ ರಕ್ತ ಅಷ್ಟ ಬರಂಗಿಲ್ಲಲ್ಲ ಮಾವ, ನನ್ನ ತವರಿಂದೂ ಬರ್ತದ. ಅದರಾಗ ನೀನೂ ಅದಿ. ನನಗ ಅದರದ ಹೆದರಿಕಿ," ಎಂದಳು.