ಏಳನೇ ಮೆಟ್ಟಿಲು

ಬಾವುಟಗಳು ಅಲ್ಲಾಡುತ್ತಲೇ ಇವೆ, ಎ.ಸಿ. ಗಾಳಿಗೆ, ಹೊರದೇಶದ ರೋಗಿಗಳ ಕೌಂಟರಿನ ಮೇಲೆ ಮರದ ತುಂಡೊಂದಕ್ಕೆ ಸಾಲಾಗಿ ಚುಚ್ಚಿದ ಪುಟ್ಟ ಪುಟ್ಟ ದೇಶಗಳು, ನಕ್ಷತ್ರವಿರುವುದು, ಚಂದ್ರನಿರುವುದು, ಬರೀ ಪಟ್ಟೆಗಳಿರುವುದು, ಹದಿನೆಂಟೋ ಹತ್ತೊಂಬತ್ತೋ, ಅಣ್ಣಮ್ಮ ಬೆಳಗಿನಿಂದ ಮೂರು ಸಲ ಎಣಿಸಿ ಮೂರು ಸಲವೂ ತಪ್ಪಿದ್ದಾಳೆ, ಇದರಲ್ಲಿ ಮಹಡಿಯಲ್ಲಿ ಬಾಡಿಗೆಗಿರುವ ಡೆಲಿಯಾಳದು ಯಾವುದು, ಅವಳ ಕೋಣೆಯ ಕ್ಯಾಲೆಂಡರಿನಲ್ಲಿದ್ದ ಬಾವುಟಕ್ಕೆ ಒಂದು ಸೂರ್ಯ ಇತ್ತು, ಇಲ್ಲಿ ಸೂರ್ಯ ಕಾಣುತ್ತಿಲ್ಲ — ನಿಮ್ಮ ಫಿಲಿಪ್ಪೀನ್ಸು ಎಷ್ಟು ದೂರ ಐತೆ ಅಂತ ಒಮ್ಮೆ ಕೇಳಿದ್ದಕ್ಕೆ ಡೆಲಿಯಾ ಎರಡೂ ಕೈ ಅಗಲಿಸಿ, ಅದೂ ಸಾಲದು ಅಂತ ತಲೆಯಾಡಿಸಿ ನಕ್ಕಿದ್ದಳು. ಮಂಡಿ ಹಿಡಿದುಕೊಂಡಿದೆ. ಈ ಆಸ್ಪತ್ರೆಯ ಸೋಫಾ ಕೂರಲು ಚೆನ್ನ, ಏಳಲು ಇನ್ನೊಬ್ಬರು ಬೇಕು, ಮೂರು ದಿನದಿಂದ ಇದರಲ್ಲೇ ಕೂತು ಕೂತು ಸೊಂಟದ ಆಕಾರವೇ ಬದಲಾಗಿರಬೇಕು, ಸೊಸೆ ಭವ್ಯ ಬೆಳಿಗ್ಗೆ ಇಲ್ಲಿ ಇಳಿಸಿ ಇಂದಿರಾನಗರದ ಬ್ಯಾಂಕಿಗೆ ಹೋದಳು, ಅತ್ತೆ ಏನಿದ್ರೂ ಫೋನ್ ಮಾಡಿ, ನೀವೇ ಏನೂ ಹೇಳಕ್ಕೆ ಹೋಗ್ಬೇಡಿ, ಅಂದಳು, ಏನೂ ಹೇಳಬೇಡಿ, ಈಗ ಹೇಳುತ್ತಾಳೆ, ಮಂಗಳವಾರ ಹೇಳಬೇಕಿತ್ತು. ಮುಂದೆ ಟೀಪಾಯಿಯ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಪೆನ್ನು, ಪಕ್ಕದಲ್ಲಿ ಆರಿಹೋದ ಕಾಫಿ, ಆರಿದರೂ ಬಿಸಾಡಲು ಮನಸ್ಸು ಬಾರದೆ ಇಟ್ಟುಕೊಂಡದ್ದು. ಐದು ಗಂಟೆಯೊಳಗೆ ಬರೆದುಕೊಡಬೇಕು, ಈಗ ಮೂರೂವರೆ. ಇನ್ಶೂರೆನ್ಸಿನ ಕಂಪನಿ ಇರುವ ದೇಶದಲ್ಲಿ ಈಗ ಬೆಳಿಗ್ಗೆಯಂತೆ, ಅವರು ಈಗ ತಾನೇ ಕಾಫಿ ಕುಡಿದು, ಬಿಸಿಯಾಗಿರುವುದನ್ನೇ ಕುಡಿದು, ಕೂತಿರುತ್ತಾರೆ, ಕಂಪ್ಯೂಟರ್ ತೆರೆದು ನೋಡುತ್ತಾರೆ, ಎರಡು ವರ್ಷ ಅಂತ ಕಾಣುತ್ತದೆ, ಆಗೋದಿಲ್ಲ ಅನ್ನುತ್ತಾರೆ.

ಎರಡು ವರ್ಷ. ಅದನ್ನು ಹೇಳಿದ್ದು ಬೇರೆ ಯಾರೂ ಅಲ್ಲ, ಅಣ್ಣಮ್ಮನೇ. ಕೌಂಟರಿನ ಹುಡುಗಿ ಸುಕನ್ಯ ಅದನ್ನೇ ನಿನ್ನೆ ಎರಡು ಸಲ, ಇವತ್ತು ಒಂದು ಸಲ ಬಿಡಿಸಿ ಹೇಳಿದಳು, ಪಾಪ, ಬೇಜಾರಿಲ್ಲದೆ — ಆಂಟಿ, ಮೇಡಮ್ಮಿನ ಪಾಲಿಸಿ ಶುರುವಾಗಿದ್ದೇ ಹೋದ ವರ್ಷ ಜೂನಲ್ಲಿ, ಹೊಸ ಸ್ಕೂಲ್ ಸೇರಿದಾಗ ಸ್ಕೂಲಿನವ್ರು ಮಾಡಿಸಿದ್ದು, ಕೇಸ್ ಶೀಟಲ್ಲಿ ನೋಡಿದ್ರೆ ಎರಡು ವರ್ಷದಿಂದ ಉಬ್ಬಸ, ಎದೆನೋವು ಅಂತಿದೆ, ಅಂದ್ರೆ ಪಾಲಿಸಿಗೆ ಮುಂಚೆನೇ ಕಾಯಿಲೆ ಇತ್ತು, ಮುಚ್ಚಿಟ್ಟಿದಾರೆ ಅಂತಾರೆ ಅವ್ರು, ಹಾಗಂದ್ರೆ ಒಂದು ಪೈಸೆನೂ ಕೊಡಲ್ಲ. ಡಾಕ್ಟರನ್ನ ಕೇಳಿ ಬದಲಾಯಿಸಮ್ಮ ಅಂದರೆ, ಡಾಕ್ಟರು ಬರೆದದ್ದನ್ನು ಡಾಕ್ಟರೇ ಹೊಡೆದುಹಾಕುವ ಹಾಗಿಲ್ಲವಂತೆ, ಹೇಳಿದವರೇ ತಾವು ಹೇಳಿದ್ದೇನು, ಅದು ಸರಿಯೋ ತಪ್ಪೋ ಅಂತ ಕೈಯಾರೆ ಬರೆದು ಸಹಿ ಮಾಡಬೇಕಂತೆ. ನಾಳೆ ಬೆಳಿಗ್ಗೆ ಎದೆ ತೆರೆಯುವ ಆಪರೇಷನ್, ಅವರು ಒಪ್ಪಿದರೆ. ಒಪ್ಪದಿದ್ದರೆ ಬೇರೆ ಕಡೆ ಸಾಗಿಸಬೇಕು, ಸಾಗಿಸಿದರೆ ದಾರಿಯಲ್ಲೇ ಏನಾದರೂ ಆದೀತು ಅಂತ ಅದೇ ಡಾಕ್ಟರು ಅಂದಿದ್ದಾರೆ, ಆಗುವ ಖರ್ಚು ಕೇಳಿ ಮಗ ಶ್ರೀನಿವಾಸ ಎದ್ದು ಹೊರಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದ. ಡೆಲಿಯಾಳ ತಮ್ಮ ಅಲ್ಲಿ ಯಾವುದೋ ದ್ವೀಪದಲ್ಲಿ ಮೀನಿನ ದೋಣಿ ಇಟ್ಟುಕೊಂಡವನು, ಭವ್ಯಳ ಫೋನಿನಲ್ಲಿ ಮುಖ ತೋರಿಸಿ ಬರೀ ಥ್ಯಾಂಕ್ಯೂ ಥ್ಯಾಂಕ್ಯೂ ಅನ್ನುತ್ತಿದ್ದ, ಯಾತಕ್ಕಪ್ಪ ಥ್ಯಾಂಕ್ಯೂ, ನಿಮ್ಮಕ್ಕನ ಆಪರೇಷನ್ ನಿಲ್ಲಿಸಿದವಳೇ ನಾನು.

ಹೇಳಿದ್ದು ಒಳ್ಳೆಯದಾಗಲಿ ಅಂತ. ಮಂಗಳವಾರ ಬೆಳಿಗ್ಗೆ ಏಳೂವರೆಗೆ ಡೆಲಿಯಾ ಮಹಡಿಗೆ ಹತ್ತುವ ಏಳನೇ ಮೆಟ್ಟಿಲ ಮೇಲೆ ಒರಗಿಬಿಟ್ಟಿದ್ದಳು, ಬೆವರು, ತುಟಿ ನೀಲಿ, ಶ್ರೀನಿವಾಸ ಕಾರು ತೆಗೆದ, ಇಲ್ಲಿಗೆ ಬಂದರೆ ಬರೀ ಇಂಗ್ಲಿಷು, ಹಿಂದಿ, ರೋಗಿಗೂ ನಿಮಗೂ ಏನು ಸಂಬಂಧ ಅಂದರು, ಓನರ್ ಅಂದಳು, ಹಾಗೇ ಬರೆದುಕೊಂಡರು, ರೋಗಿಯ ಓನರ್, ಭವ್ಯ ಆಮೇಲೆ ಅಷ್ಟು ಗಾಬರಿಯಲ್ಲೂ ನಕ್ಕಳು. ಆಗ ಬಂದ ಚಿಕ್ಕ ವಯಸ್ಸಿನ ಡಾಕ್ಟರು, ಮಧುಕರ್ ಅಂತ ಎದೆ ಮೇಲೆ ಬರೆದಿತ್ತು, ಅಮ್ಮ ಎಷ್ಟು ದಿನದಿಂದ ಹೀಗೆ ಅಂತ ಕನ್ನಡದಲ್ಲಿ ಕೇಳಿದ್ದೇ ತಡ, ಅಣ್ಣಮ್ಮನಿಗೆ ಜೀವ ಬಂದಂತಾಯಿತು, ಎರಡು ವರ್ಸದಿಂದ ಉಬ್ಬಸ ಐತೆ ಸ್ವಾಮಿ, ಮೆಟ್ಲು ಹತ್ತಕ್ಕಾಗ್ದೆ ನಡುವೇನೇ ಕೂತ್ಕೊಂಬಿಡ್ತಾಳೆ, ಎದೆ ಹಿಡ್ಕೋತಾಳೆ — ಸಲೀಸಾಗಿ ಬಂತು, ಬಾಯಿಪಾಠ ಮಾಡಿದವಳ ಹಾಗೆ. ಬಾಯಿಪಾಠವೇ. ಗಂಡ ಮಾನಪ್ಪನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ತಿರುಗಿದ ಕಾಲದಲ್ಲಿ ಸಾಲಿನಲ್ಲಿ ನಿಂತ ಹೆಂಗಸರೇ ಹೇಳಿಕೊಟ್ಟಿದ್ದು, ಎರಡು ದಿನ ಅಂದ್ರೆ ಮಾತ್ರೆ ಕೊಟ್ಟು ಕಳಿಸ್ತಾರೆ ಕಣಕ್ಕ, ಆರು ತಿಂಗ್ಳು ಅನ್ನು, ವರ್ಸ ಅನ್ನು, ಆಗ ತಲೆ ಎತ್ತಿ ನೋಡ್ತಾರೆ, ಶಂಶುನ್ನೀಸಾ ಅಂತ ಒಬ್ಬಳು, ಶಿವಾಜಿನಗರದವಳು, ಅತ್ತೆಯ ಮೂರು ದಿನದ ಜ್ವರವನ್ನು ಮೂರು ತಿಂಗಳು ಮಾಡಿ ವಾರ್ಡಿನಲ್ಲಿ ಮಂಚ ಗಿಟ್ಟಿಸಿದ್ದಳು, ಅದು ಸುಳ್ಳು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ, ಕಾಯಿಲೆಯವರ ಪರವಾಗಿ ಹಾಗೆ ಮಾತಾಡುವುದೇ ಕ್ರಮ. ಮಧುಕರ್ ಡಾಕ್ಟರೂ ತಲೆ ಎತ್ತಿ ನೋಡಿದರು. ಆಮೇಲೆ ತಲೆ ತಗ್ಗಿಸಿ ಬರೆದುಕೊಂಡರು. ಆ ಬರೆದದ್ದು ಸಮುದ್ರ ದಾಟಿ ಹೋಗಿ ಇನ್ನೊಂದು ದೇಶದಲ್ಲಿ ಕೂತುಬಿಡುತ್ತದೆ ಅಂತ ಯಾರಿಗೆ ಗೊತ್ತಿತ್ತು, ಸರ್ಕಾರಿ ಆಸ್ಪತ್ರೆಯ ಚೀಟಿ ಬಾಗಿಲು ದಾಟುವುದರೊಳಗೆ ಎಲ್ಲೋ ಬಿದ್ದುಹೋಗುತ್ತಿತ್ತು.

ಹಾಗಾದರೆ ನಿಜ ಎಷ್ಟು. ಎರಡು ವರ್ಷ ಸುಳ್ಳಾದರೆ ನಿಜ ಎಷ್ಟು, ಬರಿ, ಅಣ್ಣಮ್ಮ, ಬರಿ, ನಾಲ್ಕನೇ ಕ್ಲಾಸು ಓದಿದ್ದೀಯ — ಪೆನ್ನು ತೆಗೆದುಕೊಂಡಳು, ಹಾಳೆಯ ಮೇಲೆ ಅಂಗೈ ಇಟ್ಟಳು, ಹಾಳೆ ತಣ್ಣಗಿದೆ. ಆ ಮೆಟ್ಟಿಲುಗಳೇ ಸರಿಯಿಲ್ಲ. ದೊಮ್ಮಲೂರಿನಲ್ಲಿ ಹೊಲ ಹೋಗಿ ಸೈಟು ಉಳಿದಾಗ ಮಾನಪ್ಪ ಒಂದಡಿ ಜಾಗ ಉಳಿಸಲು ಮನೆಯ ಹೊರಗೋಡೆಗೆ ಅಂಟಿಸಿ ಕಡಿದಾಗಿ ಕಟ್ಟಿಸಿದ್ದು, ಕೆಳಗಿನ ಅಡುಗೆಮನೆಯ ಕಿಟಕಿಯ ಮುಂದೆಯೇ ಹಾದುಹೋಗುತ್ತವೆ, ಒಂಬತ್ತಂಗುಲ ಎತ್ತರ ಒಂದೊಂದೂ, ಹಾಲಿನವನೂ ಬೈದುಕೊಂಡೇ ಹತ್ತುತ್ತಿದ್ದ. ಏಳನೇ ಮೆಟ್ಟಿಲ ಮೇಲೆ ಕೂತವರು ಕಿಟಕಿಯಿಂದ ಅರ್ಧ ಮಾತ್ರ ಕಾಣುತ್ತಾರೆ, ಪಾದ, ಮಡಿಲು, ಕೈ, ಎದೆಯವರೆಗೆ, ಮುಖ ಸಜ್ಜದ ಮೇಲೆ, ಮುಖ ತೋರಿಸಬೇಕಾದರೆ ಅವರೇ ಬಗ್ಗಬೇಕು. ಡೆಲಿಯಾ ಮೊದಲ ಸಲ ಅಲ್ಲಿ ಕೂತದ್ದು ಎರಡು ವರ್ಷದ ಹಿಂದೆ, ಮಾನಪ್ಪ ತೀರಿಕೊಂಡ ಆಷಾಢದಲ್ಲಿ, ತಿಥಿ ಕಳೆದು ನೆಂಟರೆಲ್ಲ ಹೋದ ಮೇಲೆ, ಅಣ್ಣಮ್ಮ ಒಲೆ ಹಚ್ಚದೆ ಸುಮ್ಮನೆ ನಿಂತಿದ್ದಾಗ, ಕಿಟಕಿಯಾಚೆ ಎರಡು ಕೈ, ಕೈಯಲ್ಲೊಂದು ಬಟ್ಟಲು, ಶುಂಠಿ ಹಾಕಿದ ಅನ್ನದ ಗಂಜಿ, ಕೋಳಿ ಹಾಕಿರಲಿಲ್ಲ, ಸೂತಕ ಗೀತಕ ಅಂತ ಭವ್ಯಳನ್ನು ಕೇಳಿ ತಿಳಿದುಕೊಂಡು ಮಾಡಿದ್ದಳಂತೆ, ಸರಳಿನ ನಡುವೆ ತೂರಿಸಿ ಕೊಟ್ಟು ಹೋಗಲಿಲ್ಲ, ಅಲ್ಲೇ ಕೂತಳು, ಇವಳು ಕುಡಿದು ಮುಗಿಸುವ ತನಕ. ಮಾರನೆಯ ದಿನವೂ. ಆಮೇಲೆ ದಿನವೂ, ಸ್ಕೂಲಿಂದ ಬಂದವಳು ಮೇಲೆ ಹೋಗುವ ಮುಂಚೆ, ಮಾತು ಅವಳದು ಇವಳಿಗೆ ತಿಳಿಯದು, ಇವಳದು ಅವಳಿಗೆ ತಿಳಿಯದು, ಊಟ ಆಯ್ತಾ ಅಂತ ಇವಳು, ಆಯ್ತು ಅಮ್ಮ ಅಂತ ಅವಳು, ಅದೊಂದು ಕನ್ನಡ ಸಾಕಾಗುತ್ತಿತ್ತು. ಪಿಯಾನೋ ಕಲಿಸುವವಳ ಕೈ ಸುಮ್ಮನಿರುತ್ತಿರಲಿಲ್ಲ, ಮಡಿಲ ಮೇಲೆ ಚೀಲ ಇಟ್ಟುಕೊಂಡು ಅದರ ಮೇಲೆ ಹತ್ತೂ ಬೆರಳು ಆಡಿಸುತ್ತಿದ್ದಳು, ಸದ್ದಿಲ್ಲದ ಹಾಡು, ಅಣ್ಣಮ್ಮ ಸೊಪ್ಪು ಬಿಡಿಸುತ್ತಾ ಅದನ್ನು ನೋಡುತ್ತಿದ್ದಳು, ಆ ಹೊತ್ತು ಒಂದಿತ್ತು ಅಂತಲೇ ದಿನ ಕಳೆಯುತ್ತಿತ್ತು. ಅದು ಉಬ್ಬಸವೇನು. ಅದನ್ನು ಉಬ್ಬಸ ಅಂತ ಹೇಳಿಬಿಟ್ಟೆನಲ್ಲ.

ಬರೆದಳು. ಅಕ್ಷರ ದೊಡ್ಡದು, ಸೊಟ್ಟ, ಒಂದು ಸಾಲಿಗೆ ನಾಲ್ಕೇ ಮಾತು ಹಿಡಿಯುತ್ತವೆ. ಎರಡು ವರ್ಷ ಅಂತ ನಾನು ಹೇಳಿದ್ದು ತಪ್ಪು. ಡಾಕ್ಟರು ಬೇಗ ನೋಡಲಿ ಅಂತ ಹಾಗೆ ಹೇಳಿದೆ. ಡೆಲಿಯಾ ಮೆಟ್ಟಿಲ ಮೇಲೆ ಕೂರುತ್ತಿದ್ದದ್ದು ನನ್ನ ಹತ್ತಿರ ಮಾತಾಡಲು. — ಇಷ್ಟು ಬರೆಯುವುದರೊಳಗೆ ಬೆರಳು ನೋವು ಬಂತು, ಆದರೂ ಎದೆಯ ಮೇಲಿಂದ ಏನೋ ಇಳಿಯಿತು, ಇದು ನಿಜ, ಇದರಲ್ಲಿ ಸುಳ್ಳಿಲ್ಲ, ಯಾವ ದೇಶದವರು ಬೇಕಾದರೂ ಓದಿಕೊಳ್ಳಲಿ. ನಾಲ್ಕೂ ಹತ್ತು. ಭವ್ಯಳ ಫೋನು, ಅತ್ತೆ ಬರೆದ್ರಾ, ಬರೆದೆ ಕಣೆ, ಫೋಟೋ ತೆಗೆದು ಕಳಿಸಕ್ಕೆ ಹೇಳಿ ಅವ್ರಿಗೆ, ನಾನು ಇಂಗ್ಲಿಷಿಗೆ ಮಾಡಿ ಕೊಡ್ತೀನಿ, ಸಹಿ ಮರೀಬೇಡಿ. ಸಹಿ ಮಾಡಿ ಸೋಫಾದ ಕೈ ಹಿಡಿದು ಎದ್ದಳು, ಮಂಡಿ ಟಕ್ಕೆಂದಿತು, ಕೌಂಟರಿಗೆ ಎಂಟು ಹೆಜ್ಜೆ, ಸುಕನ್ಯ ಎರಡು ಸಲ ಓದಿದಳು, ತುಟಿ ಅಲ್ಲಾಡಿಸಿ, ಚೆನ್ನಾಗಿ ಬರೆದಿದ್ದೀರ ಆಂಟಿ, ಆದ್ರೆ ಇನ್ನೊಂದು ಸಾಲು ಬೇಕು, ಅವ್ರು ಕೇಳಿರೋದೇ ಅದು, ಹೋದ ವರ್ಷ ಜೂನಿಗೆ ಮುಂಚೆ ಮೇಡಮ್ಮಿಗೆ ಎದೆನೋವು ಥರ ಏನಾದ್ರೂ ಬಂದಿದ್ದು ನೀವು ನೋಡಿದ್ರಾ, ಇಲ್ವಾ, ಎರಡರಲ್ಲಿ ಒಂದು, ನಾನು ಹೀಗೇ ಬರೀರಿ ಅಂತ ಹೇಳೋ ಹಾಗಿಲ್ಲ, ನಿಮಗೆ ಗೊತ್ತಿರೋದು ಬರೀರಿ. ಡೆಲಿಯಾನ್ನೇ ಕೇಳಿದ್ರೆ ಆಗಲ್ವೇನಮ್ಮ. ಅವ್ರಿಗೆ ಪ್ರಜ್ಞೆ ಇಲ್ವಲ್ಲ ಆಂಟಿ.

ನಿಂತುಕೊಂಡೇ ಬರೆಯುತ್ತೇನೆ, ಕೂತರೆ ಮತ್ತೆ ಏಳಲಾಗದು, ಕೌಂಟರಿನ ಕಲ್ಲಿನ ಮೇಲೆ ಹಾಳೆ, ಪಕ್ಕದಲ್ಲಿ ದೇಶಗಳು ಅಲ್ಲಾಡುತ್ತಿವೆ, ಹೋದ ವರ್ಷ ಜೂನಿಗೆ ಮುಂಚೆ, ಅಷ್ಟು ಬರೆದಳು, ಪೆನ್ನು ನಿಂತಿತು. ಕೈ. ಎದೆ ಹಿಡ್ಕೋತಾಳೆ ಅಂತ ಮಧುಕರ್ ಡಾಕ್ಟರಿಗೆ ಹೇಳಿದೆನಲ್ಲ, ಅದನ್ನು ಸಾಲಿನ ಹೆಂಗಸರು ಹೇಳಿಕೊಟ್ಟಿರಲಿಲ್ಲ, ಅದು ನಾನು ಕಂಡದ್ದು, ಹತ್ತು ಬೆರಳಲ್ಲಿ ಐದು ನಿಂತುಹೋದದ್ದು, ಒಂದು ಕೈ ಚೀಲದ ಮೇಲೆ ಆಡುತ್ತಿದೆ, ಇನ್ನೊಂದು ಎದೆಯ ಮೇಲೆ ಅಂಗೈ ಅಗಲಿಸಿ ಒತ್ತಿಕೊಂಡಿದೆ, ಒಂದು ದಿನವಲ್ಲ, ಸುಮಾರು ದಿನ, ಆದರೆ ಈಚೆಗೆ, ಈಚೆಗೆ ತಾನೇ, ಈ ಗಣೇಶನ ಹಬ್ಬದ ಹಿಂದೆ ಮುಂದೆ, ಹಬ್ಬದ ಕಡುಬು ಕೊಟ್ಟಾಗ ಎಡಗೈಯಲ್ಲಿ ಈಸಿಕೊಂಡಳು, ಬಲಗೈ ಎದೆಯ ಮೇಲಿತ್ತು, ಮಡಿಲಲ್ಲಿ ನೀಲಿ ಚೀಲ, ಹೊಸ ಸ್ಕೂಲಿನವರು ಸೇರಿದ ದಿನವೇ ಕೊಟ್ಟ ನೀಲಿ ಚೀಲ, ನೀಲಿ ಅಂದರೆ ಜೂನ್ ಆದ ಮೇಲೆ, ನೋಡಿಲ್ಲ ಅಂತ ಬರೆದರೆ ಸುಳ್ಳಲ್ಲ, ಬರಿ — ಆದರೆ ಅದಕ್ಕೂ ಮುಂಚೆ, ನೀಲಿ ಬರುವ ಮುಂಚೆ, ಪುಸ್ತಕ ಹೊರಲು ಅವಳಿಗೆ ಕೊಟ್ಟದ್ದು ನಾನೇ, ಶ್ರೀನಿವಾಸನ ಮದುವೆಯಲ್ಲಿ ಮಿಕ್ಕ ತಾಂಬೂಲದ ಚೀಲ, ಅರಿಶಿನದ ಬಣ್ಣದ್ದು, ಭವ್ಯ ಶ್ರೀನಿವಾಸ್ ಅಂತ ಕೆಂಪಕ್ಷರ ಇದ್ದದ್ದು, ತೆಂಗಿನಕಾಯಿ ಹಿಡಿಯುವ ಚೀಲದಲ್ಲಿ ಪಿಯಾನೋ ಪುಸ್ತಕ ಅಂತ ಭವ್ಯ ಎಷ್ಟು ನಗುತ್ತಿದ್ದಳು, ಬೇಡ, ಅದು ಬೇಡ, ನೀಲಿ ಚೀಲ, ನೀಲಿ, ಎಷ್ಟು ಸಲ ನೀಲಿ ಅಂದುಕೊಂಡರೂ ಕೈಯ ಕೆಳಗೆ ಅರಿಶಿನದ ಬಣ್ಣ ಬರುತ್ತದೆ. ಎಡಗೈಯ ಬೆರಳುಗಳು ಭವ್ಯಳ ಹೆಸರಿನ ಮೇಲೆ ಆಡುತ್ತಿವೆ, ಮಾವಿನಕಾಯಿಯ ಕಾಲ, ಮಣೆಯ ಮೇಲೆ ಉಪ್ಪಿನಕಾಯಿಗೆ ಹೆಚ್ಚುತ್ತಿದ್ದೇನೆ, ಹೋದ ವರ್ಷದ ಮಾವಿನಕಾಯಿ, ಬಲಗೈ ಎದೆಯ ಮೇಲಿದೆ, ಕಂಡಿತು, ಕಣ್ಣಾರೆ ಕಂಡಿತು, ಏನಾಯ್ತೆ ಅಂತ ಕೇಳಲಿಲ್ಲ, ಬಗ್ಗಿ ಮುಖ ನೋಡಲಿಲ್ಲ, ಕೇಳಿದರೆ ಎದ್ದು ಮೇಲೆ ಹೋಗಿಬಿಡುತ್ತಾಳೆ, ಮಲಗಬೇಕು ಅನ್ನುತ್ತಾಳೆ, ಆ ಹೊತ್ತೂ ಹೋಗುತ್ತದೆ ಅಂತ — ಆಂಟಿ, ನಾಲ್ಕೂವರೆ ಆಯ್ತು, ಅಂದಳು ಸುಕನ್ಯ. ನೋಡಿಲ್ಲ, ಬರೆದಳು ಅಣ್ಣಮ್ಮ. ಹೋದ ವರ್ಷ ಜೂನಿಗೆ ಮುಂಚೆ ನಾನು ಏನೂ ನೋಡಿಲ್ಲ. ಹಾಳೆ ಆ ಕಡೆ ಹೋಯಿತು, ಯಂತ್ರದೊಳಗೆ ಹೋಯಿತು, ಬೆಳಕು ಒಂದು ಸಲ ಉದ್ದಕ್ಕೆ ಹರಿಯಿತು, ಆಯ್ತು ಆಂಟಿ ಕೂತ್ಕೊಳ್ಳಿ, ಇನ್ನೊಂದು ಗಂಟೇಲಿ ಗೊತ್ತಾಗುತ್ತೆ, ಕೂರುವುದಿಲ್ಲ ಅಣ್ಣಮ್ಮ, ಕೌಂಟರಿನ ಕಲ್ಲು ಹಿಡಿದು ನಿಂತಿದ್ದಾಳೆ, ಅಡುಗೆಮನೆಯ ಕಿಟಕಿಯ ಸರಳು, ಏಳನೇ ಮೆಟ್ಟಿಲು, ಅರಿಶಿನದ ಬಣ್ಣದ ಚೀಲ, ಅದರ ಮೇಲೆ ಒಂದೇ ಕೈ ಆಡುತ್ತಿದೆ, ಇನ್ನೊಂದು ಎದೆಯ ಮೇಲೆ, ಮುಖ ಸಜ್ಜದ ಮೇಲೆಲ್ಲೋ ಇದೆ, ಇವಳು ಮಾವಿನಕಾಯಿ ಹೆಚ್ಚುತ್ತಲೇ ಕೇಳುತ್ತಾಳೆ, ಊಟ ಆಯ್ತಾ, ಮೇಲಿನಿಂದ ಸ್ವಲ್ಪ ತಡೆದು, ಉಸಿರು ತೆಗೆದುಕೊಂಡು, ಆಯ್ತು ಅಮ್ಮ, ಒಂದೇ ಕೈ ಆಡುತ್ತಿದೆ.