ಬಣ್ಣ ಹಚ್ಚದ ಹಸಿರು

ಅತ್ತಿಗುಂಡಿಯ ತಯ್ಯಬ ಕಡೆದ ಗಿಲಕಿ ಆಡಿಸದ ಮಗು ಆ ಸುತ್ತಿನಲ್ಲಿ ಇರಲಿಲ್ಲ, ಒಂದನ್ನು ಬಿಟ್ಟು. ಅದು ಅವನದೇ ಮಗು.

ಹೆಸರು ಇಸ್ಮತ್, ಏಳು ತಿಂಗಳು. ಕೆಳದವಡೆಯಲ್ಲಿ ಅಕ್ಕಿನುಚ್ಚಿನಷ್ಟು ಹಲ್ಲು ಮೂಡಿತ್ತು. ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಕಚ್ಚುವ ಕಾಲ. ತಯ್ಯಬ ಹತ್ತಿರ ಬಂದರೆ ಹೆಂಡತಿ ರೌಶನ್ ಬೀ ಮಗುವನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಬೈಯುತ್ತಿರಲಿಲ್ಲ. ಅವನ ಉಗುರಿನ ಸಂದಿಯಲ್ಲಿ ಕೂತ ಅರಗಿನ ಬಣ್ಣವನ್ನು ಒಮ್ಮೆ ನೋಡುತ್ತಿದ್ದಳು, ಅಷ್ಟೆ.

ತಯ್ಯಬನ ಮನೆತನದಲ್ಲಿ ಮಗುವಿಗೆ ಮೊದಲು ಕೊಡುವ ಗಿಲಕಿ ಹಸಿರಾಗಿರಬೇಕು. ಅದನ್ನು ಗಿರಿಯ ದರ್ಗಾದ ಹೊಸ್ತಿಲಿಗೆ ಮುಟ್ಟಿಸಿ ತಂದು ಮಗುವಿನ ಕೈಗಿಡುವುದು ಅಜ್ಜನ ಕಾಲದಿಂದ ನಡೆದು ಬಂದದ್ದು. ಅಪ್ಪ ಇದ್ದಾಗ ಅರಿಸಿನ, ನೀಲಿ ಅರೆದು ಅರಗಿಗೆ ಬೆರೆಸಿ ಹಸಿರು ಮಾಡುತ್ತಿದ್ದ. ಮೊದಲ ಮಗಳು ಆಯಿಷಾ ಹುಟ್ಟಿದಾಗ ತಯ್ಯಬನ ಕಣ್ಣಿಗೆ ಆ ಹಸಿರು ಮಂಕಾಗಿ ಕಂಡಿತು. ದೊರೆಗಳ ಬಂಗಲೆ ಬಾಗಿಲಿಗೆ ಹಚ್ಚುವ ಪರದೇಶದ ಹಸಿರು ಪುಡಿಯನ್ನು ಚಿಕ್ಕಮಗಳೂರಿನ ಸಂತೆಯಿಂದ ತಂದ. ಗಿಲಕಿ ಗಿಣಿಯ ರೆಕ್ಕೆಯ ಹಾಗೆ ಹೊಳೆಯಿತು. ಆಯಿಷಾ ಅದನ್ನು ಇಪ್ಪತ್ತು ದಿನ ಚೀಪಿದಳು. ಆಮೇಲೆ ವಾಂತಿ, ಭೇದಿ. ಕೊನೆಗೆ ನಾಲಿಗೆಯ ಮೇಲೆ ಒಂದು ಹಸಿರು ಗೆರೆ. ಮಲೆನಾಡ ಜ್ವರ ಅಂದರು ಕೆಲವರು. ರೌಶನ್ ಬೀ ಗಿಲಕಿಯನ್ನು ಒಲೆಗೆ ಹಾಕಿ, ಅದು ಬೂದಿಯಾಗುವ ತನಕ ಅಲ್ಲೇ ಕೂತಿದ್ದಳು.

ಈಗ ಕಳಸದಿಂದ ಅವಳಣ್ಣ ನಸರುಲ್ಲಾ ಗಾಡಿ ಕಟ್ಟಿಕೊಂಡು ಬಂದಿದ್ದ.

"ಅಪ್ಪನಿಂದ ಮಗೂನ ಕಾಯ್ಕೊಂಡು ಕೂರೋದು ಒಂದು ಸಂಸಾರವೇನಮ್ಮ? ನಡಿ," ಅಂದ.

"ಒಂದು ತಿಂಗಳು ತಾಳಣ್ಣ." ಅವಳು ಗಂಡನ ಕಡೆ ತಿರುಗಿದಳು. ಆಯಿಷಾ ತೀರಿಹೋದ ಮೇಲಿನ ಎರಡು ವರ್ಷದಲ್ಲಿ ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ಹೊಸ್ತಿಲಿಗೆ ಮುಟ್ಟಿಸೋ ಗಿಲಕಿ ತಪ್ಪಿಸೋವಷ್ಟು ಧೈರ್ಯ ನಂಗಿಲ್ಲ. ಹಸಿರೂ ಆಗಿರಬೇಕು, ಬಣ್ಣಾನೂ ಇರಬಾರದು. ಆಗುತ್ತಾ ನಿಮ್ಮ ಕೈಲಿ? ಆದ್ರೆ ಇಲ್ಲೇ ಇರ್ತೀನಿ, ಮಗೂನ ನಿಮ್ಮ ತೊಡೆ ಮೇಲೇ ಕೂರಿಸ್ತೀನಿ. ಇಲ್ಲಾಂದ್ರೆ ಅಣ್ಣನ ಗಾಡಿ."

ಒಳಮೈಯೇ ಹಸಿರಾದ ಮರ ಹುಡುಕುತ್ತ ತಯ್ಯಬ ಕಾಡಿಗೆ ಬಿದ್ದ. ಹಲಸು ಕಡಿದು ನೋಡಿದ, ಹಳದಿ. ಹಳ್ಳದ ಬದಿಯಲ್ಲಿ ಬಿದ್ದ ಕೊಂಬೆಯೊಂದು ಒಳತನಕ ನವಿಲುಗರಿಯ ಬಣ್ಣಕ್ಕೆ ತಿರುಗಿತ್ತು. ಮನೆಗೆ ತಂದು ಮರ ಕಡೆಯುವ ಕಡಸಲಿಗೆ ಸಿಕ್ಕಿಸಿ, ಒಂದು ಕೈಯಲ್ಲಿ ಅದನ್ನು ತಿರುಗಿಸುವ ಬಿಲ್ಲು ಎಳೆಯುತ್ತ ಇನ್ನೊಂದು ಕೈಯಲ್ಲಿ ಉಳಿ ಮುಟ್ಟಿಸಿದರೆ ಒಣ ರೊಟ್ಟಿಯ ಹಾಗೆ ಪುಡಿಪುಡಿಯಾಯಿತು. ಅದು ಮರದ ಹಸಿರಲ್ಲ, ಕೊಳೆತದ ಹಸಿರು. ಗಟ್ಟಿ ಇದ್ದಿದ್ದರೂ ಮಗುವಿನ ಬಾಯಿಗೆ ಕೊಡುವಂಥದ್ದಲ್ಲ.

ಹದಿನಾರನೆಯ ದಿನ ಮಲ್ಲಂದೂರಿನ ಒಂದು ಎಸ್ಟೇಟಿಗೆ ಹೋದ. ನೆರಳು ಹೆಚ್ಚಾಯಿತೆಂದು ಅಲ್ಲಿ ಮರ ಕೆಡವುತ್ತಿದ್ದರು. ಗರಗಸದ ಭೂತಯ್ಯ ಎಳೆತದ ಲಯಕ್ಕೆ ಯಾವುದೋ ಪದ ಹೇಳಿಕೊಳ್ಳುತ್ತ ಕುಯ್ಯುತ್ತಿದ್ದ. ಕೇಳಿದ್ದಕ್ಕೆ ಗರಗಸ ನಿಲ್ಲಿಸಿ ನಕ್ಕ.

"ಹಸಿರು ಬೇಕಾದ್ರೆ ಎಲೆ ಕೊಯ್ಕೊಂಡು ಹೋಗಿ ಸಾಬ್ರೆ! ಮರದ ಹೊಟ್ಟೇಲಿ ಹಸಿರು ಹುಡುಕೋರನ್ನ ಇವತ್ತೇ ನೋಡಿದ್ದು ನಾನು."

"ನಗಬೇಡ ಮಾರಾಯ. ಮಗಳಿಗೆ."

ಆಯಿಷಾಳ ಸಂಗತಿ ಭೂತಯ್ಯನಿಗೂ ಗೊತ್ತಿತ್ತು. ಹಿಂದಿನ ದಿನ ಉರುಳಿಸಿದ ಸಂಪಿಗೆಯ ದಿಮ್ಮಿಯ ಹತ್ತಿರ ಕರೆದೊಯ್ದ. ಕುಯ್ದ ಮುಖಕ್ಕೆ ನೀರು ಚಿಮುಕಿಸಿ ಅಂಗೈಯಲ್ಲಿ ಒರೆಸಿದ. ಹೊರಸುತ್ತು ಬೆಳ್ಳಗೆ. ಅದರೊಳಗಿನ ಗಟ್ಟಿಮರದ ಚೇಗು ಮಾತ್ರ ಹಸಿರು, ಈಗಷ್ಟೇ ಕೊಯ್ದ ಏಲಕ್ಕಿಯ ಹಸಿರು.

ತಯ್ಯಬ ಮಂಡಿಯೂರಿ ಕೂತ. ನಡುವಿನ ತಿರುಳು ಒಣಗುವಾಗ ಬಿರಿಯುತ್ತದೆ, ಬೇಡ. ಬಿಳುಪಿಗೆ ತಾಗಿದ್ದು ಪೇಲವ, ಅದೂ ಬೇಡ. ಎರಡರ ನಡುವೆ, ಗಂಟಿಲ್ಲದ ಕಡೆ, ನಾಲ್ಕು ಬೆರಳಗಲದ ಒಂದು ತುಂಡನ್ನು ಉಗುರಿನಲ್ಲಿ ಗೆರೆ ಎಳೆದು ತೋರಿಸಿದ. ಭೂತಯ್ಯ ಅಷ್ಟನ್ನೇ ಕುಯ್ದು ಕೊಟ್ಟ.

ಗಿಲಕಿ ಎರಡು ದಿನದಲ್ಲಿ ಆಯಿತು. ಟೊಳ್ಳು ಗುಂಡು, ಒಳಗೆ ಸದ್ದಿಗೆ ಒಳಹೊಟ್ಟು ಬಿಡಿಸದ ಏಳು ಪಾರ್ಚ್‌ಮೆಂಟ್ ಕಾಫಿ ಬೀಜ, ಕೆಳಗೆ ಮಗುವಿನ ಮುಷ್ಟಿಯಳತೆಯ ಹಿಡಿ. ಅರಗಿಲ್ಲ, ಎಣ್ಣೆಯಿಲ್ಲ, ಮೇಣವಿಲ್ಲ. ಕೇದಗೆ ಗರಿಯಲ್ಲಿ ಉಜ್ಜಿ ನಯ ಮಾಡಿದ. ಗಿರಿ ಹತ್ತಿ ಹೊಸ್ತಿಲಿಗೆ ಮುಟ್ಟಿಸಿ ತಂದ.

ರೌಶನ್ ಬೀ ಅದನ್ನು ಬಿಸಿನೀರಲ್ಲಿ ಅದ್ದಿದಳು. ನೀರು ತಿಳಿಯಾಗೇ ಇತ್ತು. ಬಿಳಿ ಬಟ್ಟೆಯಲ್ಲಿ ತಿಕ್ಕಿದಳು, ಬಟ್ಟೆ ಬಿಳಿಯಾಗೇ ಇತ್ತು. ತಾನೇ ನಾಲಿಗೆಗೆ ಮುಟ್ಟಿಸಿಕೊಂಡು ಒಂದು ಹಗಲು, ಒಂದು ರಾತ್ರಿ ಕಾದಳು. ಮಾರನೆಯ ಬೆಳಿಗ್ಗೆ ಇಸ್ಮತ್‌ಳನ್ನು ತಂದು ತಯ್ಯಬನ ತೊಡೆಯ ಮೇಲೆ ಕೂರಿಸಿ, ಗಿಲಕಿಯನ್ನು ಕೈಗಿಟ್ಟಳು. ಮಗು ಅಷ್ಟು ಭಾರವಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹತ್ತು ದಿನ ಮನೆ ಮನೆಯಂತಿತ್ತು. ಮಾಘದ ಬಿಸಿಲು. ಜಗಲಿಯಲ್ಲಿ ಮಗು, ಮಗುವಿನ ಪಕ್ಕದಲ್ಲಿ ಗಿಲಕಿ. ದಿನವೂ ನೋಡುವ ಕಣ್ಣಿಗೆ ಏನೂ ತಿಳಿಯಲಿಲ್ಲ. ಹನ್ನೊಂದನೆಯ ದಿನ ರೌಶನ್ ಬೀ ಕೇಳಿದಳು, "ಇದು ಹೀಗಿತ್ತಾ?"

ಗಿಲಕಿ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಹಿಡಿಯ ಬುಡದಲ್ಲಿ, ಮಗುವಿನ ಮುಷ್ಟಿ ಮುಚ್ಚಿದ್ದ ಕಡೆ ಮಾತ್ರ ಹಸಿರಿನ ನೆರಳು ಉಳಿದಿತ್ತು.

ತಯ್ಯಬ ಮಲ್ಲಂದೂರಿಗೆ ಓಡಿದ. ಭೂತಯ್ಯ ಅದೇ ಮರದ ಹಲಗೆಗಳ ಅಟ್ಟಿ ತೋರಿಸಿದ. ಎಲ್ಲವೂ ಕಂದು.

"ಬಿಸಿಲು ಕಂಡ ಸಂಪಿಗೆ ಕಂದಾಗದೆ ಇನ್ನೇನಾಗುತ್ತೆ? ಮೇಲೆ ಅರಗು ಹಿಡಿಸ್ತೀರಿ ಅಂದ್ಕೊಂಡೆ. ಮರದ ಕೆಲಸದೋರು, ನಿಮಗೆ ಗೊತ್ತಿಲ್ವ ಸಾಬ್ರೆ?"

ಗೊತ್ತಿರಲಿಲ್ಲ. ಮೂವತ್ತು ವರ್ಷ ಅವನ ಕೈಯಿಂದ ಹೋದ ಮರವೆಲ್ಲ ಅಂದೇ ಅರಗು ಹೊದ್ದು ಹೋಗಿತ್ತು. ಬರಿಮೈಯ ಮರಕ್ಕೆ ವಯಸ್ಸಾಗುವುದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

"ಒಳಗೆ ಹಸಿರು ಹಾಗೇ ಇರುತ್ತೆ," ಅಂದ ಭೂತಯ್ಯ. "ಸೀಳಿ ತೋರಿಸಿ."

ಮನೆಗೆ ಬಂದವನೇ ಗಿಲಕಿಯನ್ನು ಹೊಸ್ತಿಲ ಮೇಲಿಟ್ಟು ಉಳಿಯಿಂದ ಹೋಳು ಮಾಡಿದ. ಏಳು ಬೀಜ ಉರುಳಿ ಹೋದವು. ಸೀಳಿದ ಮೈ ಮೊದಲ ದಿನದ ಹಾಗೇ ಹಸಿರಾಗಿತ್ತು.

"ನೋಡು ರೌಶನ್. ಮರದ್ದೇ ಹಸಿರು, ಅಲ್ಲಾಹನಾಣೆ."

"ಹೊರಗಿಂದು ಎಲ್ಲಿ ಹೋಯ್ತು ಹಾಗಾದ್ರೆ?"

"ಬಿಸಿಲು ತಿಂತು."

"ಬಿಸಿಲಿಗೆ ಬಾಯಿಲ್ಲ," ಅಂದಳು ಅವಳು. "ಬಾಯಿರೋದು ಮಗೂಗೆ."

"ನೀನೇ ನೀರಲ್ಲಿ ಅದ್ದಿ ನೋಡಿದೆಯಲ್ಲ!"

"ನೋಡಿದೆ. ನನ್ನ ಕಣ್ಣನ್ನೂ ನಂಬಿದೆ." ಇಸ್ಮತ್‌ಳ ಬಾಯಿಯನ್ನು ಬೆರಳಲ್ಲಿ ತೆರೆದು, ಬೆಳಕಿಗೆ ಹಿಡಿದು ನಾಲಿಗೆ ನೋಡಿದಳು. ಕೆಂಪಗಿತ್ತು. ಆಮೇಲೆ ಹೋಳಿನ ಕಡೆ ನೋಡಿದಳು. "ಆಯಿಷಾ ನಾಲಿಗೆ ಮೇಲಿದ್ದದ್ದೂ ಇದೇ ಹಸಿರು," ಅಂದಳು.

ಆ ಹಸಿರು ಬೇರೆ, ಈ ಹಸಿರು ಬೇರೆ ಎಂದು ತಯ್ಯಬ ಹೇಳಬೇಕಿತ್ತು. ಆದರೆ ಆ ಪುಡಿ ತಂದವನೂ ಅವನೇ.

ನಸರುಲ್ಲಾ ಶುಕ್ರವಾರ ಮತ್ತೆ ಗಾಡಿ ಕಟ್ಟಿಕೊಂಡು ಬಂದ. ಗಾಡಿಯ ಹಿಂಬದಿಯಲ್ಲಿ ಕೂತ ರೌಶನ್ ಬೀ ಮಗುವಿನ ಕೈಗೆ ಒಂದು ಬರಿಯ ಬಟ್ಟೆಯ ಗಂಟು ಕೊಟ್ಟಿದ್ದಳು. ಇಸ್ಮತ್ ಅದನ್ನು ಅಲ್ಲಾಡಿಸಿ, ಸದ್ದು ಬರದ್ದಕ್ಕೆ ಅತ್ತಳು. ಅಳು ತಿರುವು ದಾಟುವ ತನಕ ಕೇಳುತ್ತಿತ್ತು.

ತಯ್ಯಬ ಒಳಗೆ ಬಂದು ಒಂದು ಹೋಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿಟ್ಟು ಬೀಗ ಹಾಕಿದ. ಕತ್ತಲೆಯಲ್ಲಿ ಹಸಿರು ಉಳಿದೀತು. ಮಳೆಗಾಲ ಕಳೆದ ಮೇಲೆ ಕಳಸಕ್ಕೆ ಒಯ್ದು ತೋರಿಸಬಹುದು.

ತೋರಿಸಬೇಕಾದರೆ ಬೆಳಕಿಗೆ ತರಬೇಕು. ಇನ್ನೊಂದು ಹೋಳು ಹೊಸ್ತಿಲ ಮೇಲೇ ಇತ್ತು. ಅದರ ಅಂಚು ಆಗಲೇ ಕಂದಾಗತೊಡಗಿತ್ತು.