ಮೀನಿನ ಹೊಂಡಕ್ಕೆ ಅರ್ಧ ಅಡಿ

ಹುಲಿಗೆಮ್ಮ ನನ್ನನ್ನು ತೊಳೆಯುತ್ತಿದ್ದಾಳೆ. ತೆಂಗಿನ ನಾರು ಹಿಡಿದು ಮೇಲಿನಿಂದ ಕೆಳಕ್ಕೆ ಉಜ್ಜುತ್ತಾಳೆ. ಮೈಗಂಟಿದ ಸಿಮೆಂಟು ಬೂದಿ ಬಣ್ಣದ ನೀರಾಗಿ ಕಲ್ಲಿನ ಮೇಲೆ ಹರಿಯುತ್ತದೆ. ಪಡಸಾಲೆಯ ಹೊರಸಿನ ಮೇಲೆ ಅವಳ ಗಂಡ ದುರ್ಗಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಇಬ್ಬರ ನಡುವೆ ನಾನು ಒದ್ದೆಯಾಗಿ ಬಿದ್ದಿದ್ದೇನೆ.

ನಾನು ಒಂದು ಅಳತೆಕೋಲು. ಹುಟ್ಟಿದ್ದು ಕೊಪ್ಪಳದ ಒಬ್ಬ ಬಡಗಿಯ ಅಂಗಳದಲ್ಲಿ, ಬಾಗಿಲ ಚೌಕಟ್ಟಿಗೆ ಕೊಯ್ದು ಉಳಿದ ತೇಗದ ಪಟ್ಟಿಯಿಂದ. ಆಗ ನಾನು ಸರಿಯಾಗಿ ಐದಡಿ ಇದ್ದೆ. ದುರ್ಗಪ್ಪನ ತಂದೆ ಯಂಕಪ್ಪ ಮೇಸ್ತ್ರಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು, ಉಳಿಯಿಂದ ಅಡಿಗೊಂದು ಗುರುತು ಕೆತ್ತಿದ. ಒಂದನೇ ಅಡಿಗೆ ಒಂದು ಗೀಟು, ಎರಡಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಅವನಿಗೆ ಅಂಕಿ ಬರೆಯಲು ಬರುತ್ತಿರಲಿಲ್ಲ. ಅವನು ಸತ್ತ ಮೇಲೆ ನಾನು ದುರ್ಗಪ್ಪನ ಕೈಗೆ ಬಂದೆ. ಅವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಹಿರಿಯರು ಹಾಕಿದ ಗೀಟಿನ ಮೇಲೆ ಕಿರಿಯರು ಗೀಟು ಹಾಕಬಾರದು. ಆಯುಧಪೂಜೆಯ ದಿನ ಆ ಗೀಟುಗಳಿಗೇ ಮೊದಲು ವಿಭೂತಿ.

ನನ್ನ ಕೆಲಸ ಗುಂಡಿಯಲ್ಲಿ ನಿಲ್ಲುವುದು. ಪಾಯ, ಸಂಪು, ಪಾಯಖಾನೆಯ ಗುಂಡಿ, ಎಲ್ಲವನ್ನೂ ತಳದಿಂದಲೇ ನೋಡಿದ್ದೇನೆ. ಜನ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ನಾನು ಇನ್ನೊಂದು ಗುಂಡಿಯಲ್ಲಿರುತ್ತಿದ್ದೆ.

ಒಂದು ಸಲ ಜಲ್ಲಿ ತಂದ ಟ್ರ್ಯಾಕ್ಟರು ಹಿಂದೆ ಸರಿಯುವಾಗ ನನ್ನ ಕಾಲ ಮೇಲೆ ಹತ್ತಿತು. ಕೆಳಗಿನ ಅರ್ಧ ಅಡಿ ಪುಡಿಯಾಯಿತು. ದುರ್ಗಪ್ಪ ತುದಿಯನ್ನು ಗರಗಸದಿಂದ ಸಮ ಮಾಡಿ, ನೀರು ಹಿಡಿಯಬಾರದೆಂದು ಮೊಣಕಾಲಿನವರೆಗೆ ಡಾಂಬರು ಬಳಿದ. ಒಂದನೇ ಗೀಟು ಡಾಂಬರಿನಡಿ ಮುಚ್ಚಿಹೋಯಿತು. ಎರಡರಿಂದ ಮೇಲಿನವು ಹಾಗೇ ಕಾಣುತ್ತಿದ್ದವು, ಆದರೆ ಈಗ ಎಲ್ಲವೂ ಅರ್ಧ ಅಡಿ ಸುಳ್ಳು. ಹೊಸ ಗೀಟು ಹಾಕಲು ಅವನ ಕೈ ಏಳಲಿಲ್ಲ, ತಂದೆಯ ಕೈಗುರುತು. ಅದಕ್ಕೇ ಗುಂಡಿ ಗೀಟು ಮುಟ್ಟಿದಾಗಲೆಲ್ಲ ಮೇಲಿನಿಂದ ಕೂಗುತ್ತಿದ್ದ: "ಇನ್ನರ್ಧ ಅಡಿ!"

ಹುಲಿಗೆಮ್ಮ ಮದುವೆಯಾಗಿ ಬಂದದ್ದು ಆಮೇಲೆ. ಇಪ್ಪತ್ತು ವರ್ಷ ಗಂಡನ ಹಿಂದೆ ಗಾರೆಯ ಪುಟ್ಟಿ ಹೊತ್ತಳು, ಆ ಕೂಗನ್ನು ಸಾವಿರ ಸಲ ಕೇಳಿದಳು. ತಳಕ್ಕೆ ಹಾಕುವ ಜಲ್ಲಿ ಬೆಡ್ಡಿಗೆ ಆ ಅರ್ಧ ಅಡಿ ಎಂದುಕೊಂಡಳು. ಬೆಡ್ಡಿನ ಲೆಕ್ಕವನ್ನು ದುರ್ಗಪ್ಪ ಮೊದಲೇ ಮನಸ್ಸಿನಲ್ಲಿ ಸೇರಿಸಿಕೊಂಡಿರುತ್ತಿದ್ದ. ಅವನು ಬಿಡಿಸಿ ಹೇಳಲಿಲ್ಲ. ಪುಟ್ಟಿ ಹೊರುವವಳಿಗೆ ಯಾರು ಹೇಳುತ್ತಾರೆ?

ಸಿಮೆಂಟಿನ ಧೂಳು ಕುಡಿದು ಕುಡಿದು ದುರ್ಗಪ್ಪನ ಎದೆ ಕಟ್ಟಿತು. ಅವನು ಹೊರಸು ಹಿಡಿದ ಮೇಲೆ, ಒಂದು ಮುಂಜಾನೆ ಹುಲಿಗೆಮ್ಮ ಮೂಲೆಯಿಂದ ನನ್ನನ್ನು ಎತ್ತಿಕೊಂಡಳು. ನರ್ಸ್ ಎಸ್ತರಮ್ಮನ ಹಿತ್ತಲಲ್ಲಿ ಮೀನಿನ ಹೊಂಡ ಕಟ್ಟುವ ಕೆಲಸ. ಅವಳೇ ಮೇಸ್ತ್ರಿಯಾಗಿ ಒಪ್ಪಿಕೊಂಡ ಮೊದಲ ಕೆಲಸ. ದುರ್ಗಪ್ಪ ಅವಳ ಕೈಯಲ್ಲಿದ್ದ ನನ್ನನ್ನು ನೋಡಿದ. ಬಾಯಿ ತೆರೆದ. ಮತ್ತೆ ಮುಚ್ಚಿದ. ಅದು ಕೆಮ್ಮೋ, ಹೊಟ್ಟೆಯುರಿಯೋ, ನನಗೆ ಇಂದಿಗೂ ತಿಳಿಯದು.

ಓಣಿಯ ತುದಿಯಲ್ಲಿ ಅವನ ಜೊತೆಗಾರ ಮೇಸ್ತ್ರಿ ಹನುಮೇಶಿ ಚಹಾ ಕುಡಿಯುತ್ತ ಕುಳಿತಿದ್ದ. "ಏನವ್ವಾ ಮೇಸ್ತ್ರೀ, ನಾಳಿಯಿಂದ ನಾವು ಪುಟ್ಟಿ ಹೊರಾಕ ಬರಬೇಕೇನು?" ಎಂದ.

"ಬಾ. ಆದ್ರ ಹೊತ್ತಿಗೆ ಸರಿಯಾಗಿ ಬಾ," ಎಂದಳು ಅವಳು, ನಿಲ್ಲದೆ.

ಎಸ್ತರಮ್ಮನ ಐದು ಬಂಗಾರದ ಮೀನು ಗಾಜಿನ ಪೆಟ್ಟಿಗೆ ಹಿಡಿಸದಷ್ಟು ಬೆಳೆದಿದ್ದವು. ಹಿತ್ತಲಲ್ಲಿ ನುಗ್ಗೆಮರದ ಪಕ್ಕ ನಿಂತು ಇಬ್ಬರೂ ಆಳದ ಮಾತಾಡಿದರು.

"ಒಂದೂವರೆ ಅಡಿ ಸಾಕೇನ್ರಿ ಅಕ್ಕಾರ?"

"ನಮ್ಮೂರ ಬ್ಯಾಸಗಿಗೆ ಒಂದೂವರೆ ಅಡಿ ನೀರು ಬೇಳಿ ಬೇಯಿಸಾಕ ಬರ್ತೈತಿ ಹುಲಿಗೆಮ್ಮ. ಮ್ಯಾಲ ಕಾದ್ರೂ ತಳದಾಗ ತಂಪಿರಬೇಕು. ಮೂರಡಿ ಮಾಡಿದ್ರ ಈಕಿದು ಭಯ." ಎಸ್ತರಮ್ಮ ಆರು ವರ್ಷದ ಮೊಮ್ಮಗಳು ಶೀಬಾಳ ಜಡೆ ಹಿಡಿದು ಮುಂದೆ ತಂದಳು. "ಎರಡೂವರೆ ಮಾಡು. ಬಿದ್ರೂ ಎದಿಮಟ್ಟ."

ಶೀಬಾ ನನಗೆ ಆತು ನೆಟ್ಟಗೆ ನಿಂತಳು. ಹುಲಿಗೆಮ್ಮ ಅವಳ ತಲೆಯ ಮೇಲೆ ಅಂಗೈ ಇಟ್ಟು, "ನಾಕೂ ಕಾಲು," ಎಂದಳು.

"ಯವ್ವಾ! ಹೋದ ತಿಂಗಳು ಶಾಲ್ಯಾಗ ಅಳದಾಗ ಮೂರೂ ಮುಕ್ಕಾಲು ಇದ್ಲು. ಏನ್ ತಿಂತಿಯೇ ಹುಡುಗಿ, ಗೊಬ್ಬರ ತಿಂತಿಯೇನು?"

ಮೂವರೂ ನಕ್ಕರು. ನಾನೊಬ್ಬನೇ ನಗಲಿಲ್ಲ. ಹುಡುಗಿ ಬೆಳೆದಿರಲಿಲ್ಲ, ನಾನು ಗಿಡ್ಡವಾಗಿದ್ದೆ. ಕೋಲಿಗೆ ಬಾಯಿಲ್ಲ.

ಹುಲಿಗೆಮ್ಮ ನಾಲ್ಕು ದಿನ ಅಗೆದಳು. ನೀರಿಗೆ ಎರಡೂವರೆ, ಬೆಡ್ಡಿಗೆ ಅರ್ಧ, ಒಟ್ಟು ಮೂರು. ನನ್ನ ಮೂರು ಗೀಟು ನೆಲಕ್ಕೆ ಸಮ ಬಂದಾಗ ಸನಿಕೆ ನಿಲ್ಲಿಸಿದಳು. ಆಮೇಲೆ ಜಲ್ಲಿ ಹಾಸಿ, ಗಾರೆ ಮಾಡಿ, ಮೂಲೆಗಳನ್ನು ಬೆರಳಿನಿಂದಲೇ ನುಣುಪು ಮಾಡಿದಳು. ದುರ್ಗಪ್ಪನ ಕೈಯಲ್ಲೂ ಅಷ್ಟು ನುಣುಪು ನಾನು ಕಂಡಿರಲಿಲ್ಲ. ಪಕ್ಕದ ಮನೆಯವರು ಗೋಡೆಯಾಚೆಯಿಂದ ನೋಡಿ, ನಮ್ಮ ಸಂಪೂ ನೀನೇ ಕಟ್ಟು ಎಂದರು. ಆ ಸಂಜೆ ಅವಳು ನನ್ನನ್ನು ಹೆಗಲ ಮೇಲೆ ಇಟ್ಟುಕೊಂಡು ಹನುಮೇಶಿ ಕೂರುವ ಚಹಾದಂಗಡಿಯ ಮುಂದೆಯೇ ನಡೆದಳು.

ಏಪ್ರಿಲ್ ಬಂತು. ಎಸ್ತರಮ್ಮ ಹೇಳಿಕಳಿಸಿದಳು. ಹುಲಿಗೆಮ್ಮ ಹೋಗುವಾಗ, ರೂಢಿಯಂತೆ, ನನ್ನನ್ನೂ ಒಯ್ದಳು. ನಡುಮಧ್ಯಾಹ್ನ. ಮೂರು ಮೀನು ನೀರಿನ ಮೇಲೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಎರಡು ಮೀನು ಬಾಳೆಎಲೆಯ ಚೂರಿನ ಮೇಲಿದ್ದವು. ಶೀಬಾ ಅವುಗಳಿಗೆ ಬಟ್ಟಲಿನಿಂದ ನೀರು ಹನಿಸುತ್ತಿದ್ದಳು.

ಎಸ್ತರಮ್ಮ ಬೈಯಲಿಲ್ಲ. ಟೇಪು ಕೊಟ್ಟಳು. "ನೀನ ಅಳಿ."

ತಳದಿಂದ ದಂಡೆಗೆ ಎರಡಡಿ. ಹುಲಿಗೆಮ್ಮ ಎರಡು ಸಲ ಅಳೆದಳು. ಆಮೇಲೆ ನನ್ನನ್ನು ನೆಲದ ಮೇಲೆ ಮಲಗಿಸಿ, ನನ್ನ ಪಕ್ಕದಲ್ಲಿ ಟೇಪು ಎಳೆದಳು. ನನ್ನ ನಾಲ್ಕರ ಹತ್ತಿರ ಟೇಪು ಮೂರೂವರೆ ತೋರಿಸಿತು. ಇಷ್ಟು ವರ್ಷ ನಾನು ಎಲ್ಲವನ್ನೂ ಅಳೆದಿದ್ದೆ. ನನ್ನನ್ನು ಅಳೆದದ್ದು ಅಂದೇ ಮೊದಲು. ಅವಳು ನನ್ನ ಡಾಂಬರಿನ ಕಾಲಿನ ಕೊಯ್ದ ತುದಿಯನ್ನು ಬೆರಳಿನಿಂದ ಸವರಿದಳು.

"ನನ್ನ ತಪ್ಪು ಅಕ್ಕಾರ. ನಾನ ಸರಿ ಮಾಡ್ತೀನಿ," ಎಂದಳು. ಗಂಡನ ಹೆಸರು ಎತ್ತಲಿಲ್ಲ.

ಉಳಿದ ಮೀನುಗಳು ಬಕೆಟ್ಟಿನಲ್ಲಿ ಅಡಿಗೆಮನೆ ಸೇರಿದವು. ಅವಳು ತಾನೇ ಕಟ್ಟಿದ ನುಣುಪು ತಳವನ್ನು ಉಳಿ ಸುತ್ತಿಗೆಯಿಂದ ಒಡೆದಳು. ಇಡೀ ಹೊಂಡ ಆಳ ಮಾಡಲಿಲ್ಲ. ಅಂಚು ಹಾಗೇ ಬಿಟ್ಟು ನಡುವೆ ಮಾತ್ರ ಅಗೆದಳು, ಮಗು ಬಿದ್ದರೆ ಅಂಚಿನಲ್ಲಿ ಕಾಲೂರಲಿ, ಮೀನಿಗೆ ಬಿಸಿಲಾದರೆ ನಡುವೆ ಇಳಿಯಲಿ ಎಂದು. ಗೀಟು ಮುಟ್ಟಿದಾಗ ತನಗೆ ತಾನೇ ಹೇಳಿಕೊಂಡಳು: "ಇನ್ನರ್ಧ ಅಡಿ." ಕೇಳಲು ನಾನೊಬ್ಬನೇ ಇದ್ದೆ.

ಗಾರೆ ಒಣಗಿ, ಸಿಮೆಂಟಿನ ಖಾರ ಹೋಗಲೆಂದು ಹತ್ತಾರು ಸಲ ನೀರು ತುಂಬಿ ಚೆಲ್ಲಿದ ಮೇಲೆ, ಇವತ್ತು ಮೀನು ಬಿಟ್ಟರು. ಮೂರೂ ಒಂದು ಸುತ್ತು ಹಾಕಿ ನಡುವಿನ ಕತ್ತಲಿಗೆ ಇಳಿದವು. ಶೀಬಾ, "ಎಲ್ಲಿ ಹೋದ್ವು?" ಎಂದು ಅತ್ತಳು. ಗೋಡೆಯಾಚೆಯವರು ಸಂಪಿನ ಮಾತು ಮತ್ತೆ ಎತ್ತಿದರು. ಹುಲಿಗೆಮ್ಮ ನಾಳೆ ಹೇಳುತ್ತೇನೆ ಎಂದಳು.

ಈಗ ಅವಳು ನನ್ನನ್ನು ತೊಳೆದು ಮುಗಿಸಿದ್ದಾಳೆ. ಕುಡುಗೋಲಿನ ಬೆನ್ನಿನಿಂದ ಡಾಂಬರು ಕೆರೆಯುತ್ತಿದ್ದಾಳೆ. ಎಷ್ಟೋ ವರ್ಷದ ಮೇಲೆ ನನ್ನ ಒಂದನೇ ಗೀಟಿಗೆ ಗಾಳಿ ತಾಗಿದೆ. ನನಗೆ ದಣಿವಾಗಿದೆ. ಮೂಲೆಯಲ್ಲಿ ಒರಗಿಸಿದರೂ ಸೈ, ಒಲೆಗೆ ಹಾಕಿದರೂ ಸೈ. ಮುರಿದದ್ದಕ್ಕೆ ದುಃಖವಿಲ್ಲ. ಮುರಿದದ್ದು ಒಬ್ಬನಿಗೇ ಗೊತ್ತಿತ್ತು, ಅವನು ಹೇಳಲಿಲ್ಲ, ದುಃಖ ಅದಕ್ಕೆ.

ಹುಲಿಗೆಮ್ಮ ನನ್ನನ್ನು ಸೆರಗಿನಿಂದ ಒರೆಸಿ ಒಳಗೆ ತಂದಳು. ಹೊರಸಿನ ಮೇಲೆ, ಗಂಡನ ಬೆನ್ನಿನ ಪಕ್ಕ, ಮೆಲ್ಲಗೆ ಮಲಗಿಸಿದಳು. ನನ್ನ ಪಕ್ಕದಲ್ಲಿ ಯಂಕಪ್ಪ ಮೇಸ್ತ್ರಿಯ ಹಳೆಯ ಉಳಿ ಇಟ್ಟಳು. ದುರ್ಗಪ್ಪನ ಉಸಿರು ಒಂದು ಗಳಿಗೆ ನಿಂತು, ಮತ್ತೆ ಆಡಿತು. ಅವನು ಎಚ್ಚರವಾಗಿದ್ದ.

"ನಾಳೆ ಸಂಪಿನ ಕೆಲಸ ಐತಿ," ಎಂದಳು ಅವಳು. "ಹೊಸ ಗೀಟು ನೀವ ಹಾಕಿಕೊಡ್ರಿ."